ವಿಜ್ಞಾನಿಗಳ ವಿಳಾಸ

ವಿಜ್ಞಾನಿಗಳು ಎಲ್ಲಿ ವಾಸ ಮಾಡುತ್ತಾರೆ ಎಂಬ ಅನುಮಾನ ನನ್ನನ್ನು ಕೆಲವು ವರ್ಷಗಳಿಂದ ಕಾಡುತ್ತಿದೆ. ಅದು ಶುರುವಾದದ್ದು ಒಂದು ಮಂಗಳವಾರ ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ. ಸಮಯವನ್ನು ಇಷ್ಟು ಖಚಿತವಾಗಿ ಹೇಗೆ ಹೇಳುತ್ತೀರಿ ಎಂದು ನೀವು ಕೇಳಬಹುದು, ಕೇಳಲೇಬೇಕು. ನಮ್ಮ ಮನೆಯಲ್ಲಿ ಐದಕ್ಕೆ ಏಳುವುದು, ಐದೂಕಾಲಿಗೆ ಪಾರ್ಕು, ಆರಕ್ಕೆ ವಾಪಸು, ಆರೂ ಹತ್ತಕ್ಕೆ ಕಾಫಿ ಮತ್ತು ಪತ್ರಿಕೆ. ನಿವೃತ್ತನಾಗಿ ಎಂಟು ವರ್ಷವಾದರೂ ಈ ಪಟ್ಟಿ ಆಚೀಚೆ ಆದದ್ದು ಒಂದೇ ಒಂದು ದಿನ, ಅದನ್ನು ಮುಂದೆ ಹೇಳುತ್ತೇನೆ. ಆ ಮಂಗಳವಾರ ಮೊದಲ ಗುಟುಕು ಗಂಟಲಿಗೆ ಇಳಿಯುವಾಗ ಒಳಪುಟದ ಮೂಲೆಯಲ್ಲೊಂದು ಪುಟ್ಟ ಸುದ್ದಿ ಕಣ್ಣಿಗೆ ಬಿತ್ತು: ಬೆಳಗಿನ ಕಾಫಿ ಹೃದಯಕ್ಕೆ ಒಳ್ಳೆಯದು, ಎನ್ನುತ್ತಾರೆ ವಿಜ್ಞಾನಿಗಳು.

ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಎರಡು ತಿಂಗಳ ಕೆಳಗೆ ಅದೇ ಪತ್ರಿಕೆಯ ಅದೇ ಮೂಲೆಯಲ್ಲಿ ಬೆಳಗಿನ ಕಾಫಿ ಹೃದಯಕ್ಕೆ ಕೆಟ್ಟದ್ದು ಎಂದಿದ್ದವರೂ ವಿಜ್ಞಾನಿಗಳೇ. ಆ ತುಣುಕನ್ನು ಕತ್ತರಿಸಿ ಇಟ್ಟಿದ್ದೆ. ತೆಗೆದು ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟೆ. ಎರಡರಲ್ಲೂ ವಿಜ್ಞಾನಿಗಳ ಹೆಸರಿಲ್ಲ, ಊರಿಲ್ಲ. ಎಷ್ಟು ಜನರಿಗೆ ಕಾಫಿ ಕುಡಿಸಿ ನೋಡಿದರು, ಎಷ್ಟು ದಿನ ಕುಡಿಸಿದರು, ಫಿಲ್ಟರ್ ಕಾಫಿಯೋ ಇನ್‌ಸ್ಟಂಟ್ ಕಾಫಿಯೋ, ಒಂದಕ್ಷರವಿಲ್ಲ. ನನ್ನ ಕೈ ತಾನಾಗಿಯೇ ಜೇಬಿನ ಕೆಂಪು ಪೆನ್ಸಿಲ್ಲಿನ ಕಡೆ ಹೋಯಿತು.

ಇದು ವೃತ್ತಿಯ ರೋಗ. ಮೂವತ್ತಮೂರು ವರ್ಷ ನಾನು ತೂಕ ಮತ್ತು ಅಳತೆಯ ಇನ್ಸ್‌ಪೆಕ್ಟರಾಗಿದ್ದೆ. ಅಂಗಡಿಯವರ ಕಲ್ಲು, ತಕ್ಕಡಿ, ಲೀಟರು, ಮೀಟರು ಇವುಗಳನ್ನು ಪರೀಕ್ಷಿಸಿ ಮುದ್ರೆ ಹೊಡೆಯುವುದು, ಸರಿಯಿಲ್ಲದಿದ್ದರೆ ಹಳೆಯ ಮುದ್ರೆಯ ಮೇಲೆ ಕಾಟು ಹೊಡೆದು ರದ್ದು ಮಾಡುವುದು ನನ್ನ ಕೆಲಸ. ಅದರ ಜೊತೆಗೆ ಪೊಟ್ಟಣಗಳ ಕಾನೂನು. ಪೊಟ್ಟಣದಲ್ಲಿ ಕಟ್ಟಿ ಮಾರುವ ಯಾವ ಸರಕಿನ ಮೇಲೂ ತಯಾರಿಸಿದವರ ಹೆಸರು, ವಿಳಾಸ, ನಿವ್ವಳ ತೂಕ, ತಯಾರಾದ ತಿಂಗಳು ಇರಬೇಕು. ಇಲ್ಲವಾದರೆ ಆ ಪೊಟ್ಟಣದೊಳಗೆ ಅಮೃತವೇ ಇರಲಿ, ಜಪ್ತಿ. ವಿಳಾಸವಿಲ್ಲದ ಎಷ್ಟು ಹಪ್ಪಳ, ಎಷ್ಟು ಊದುಬತ್ತಿ, ಎಷ್ಟು ಬಿಸ್ಕತ್ತು ಹಿಡಿದಿದ್ದೇನೋ ಲೆಕ್ಕವಿಲ್ಲ. ಹಾಗಿರುವಾಗ ಹೆಸರಿಲ್ಲದ, ವಿಳಾಸವಿಲ್ಲದ, ತೂಕವಿಲ್ಲದ ಒಂದು ಸರಕು ದಿನ ಬೆಳಗಾದರೆ ನನ್ನ ಮನೆಯ ಬಾಗಿಲಿಗೇ ಬಂದು ಬೀಳುತ್ತಿದ್ದರೆ ಸುಮ್ಮನಿರುವುದು ಹೇಗೆ?

ಅಂದಿನಿಂದ ಒಂದು ನೋಟ್‌ಬುಕ್ ಮಾಡಿದೆ. ವಿಜ್ಞಾನದ ಸುದ್ದಿ ಬಂದಾಗಲೆಲ್ಲ ಅದನ್ನು ಅಂಟಿಸಿ ಪಕ್ಕದಲ್ಲಿ ಗೆರೆ ಎಳೆದು ಬರೆಯುವುದು: ತಯಾರಕರ ಹೆಸರು, ಇಲ್ಲ. ವಿಳಾಸ, ಇಲ್ಲ. ನಿವ್ವಳ ಪ್ರಮಾಣ, ಇಲ್ಲ. ಮೂರು ತಿಂಗಳಲ್ಲಿ ನೋಟ್‌ಬುಕ್ ತುಂಬಿತು. ನನ್ನ ಹೆಂಡತಿ ಪದ್ಮ ಅದನ್ನು ಒಂದು ದಿನ ತಿರುವಿ ಹಾಕಿ, "ರಿಟೈರ್ ಆದ್ಮೇಲೆ ಎಲ್ಲಾರೂ ರಾಮಕೋಟಿ ಬರೀತಾರೆ. ನೀವು 'ಇಲ್ಲ ಇಲ್ಲ' ಅಂತ ಕೋಟಿ ಬರೀತಾ ಇದೀರಲ್ರೀ" ಎಂದಳು.

ಈ ಕೋಟಿಯನ್ನು ಲೋಕಕ್ಕೆ ತೋರಿಸುವ ದಾರಿ ಹೇಳಿಕೊಟ್ಟವರು ಶಿವಲೀಲಾ. ಗದಗಿನ ಕಡೆಯವರು. ಬಸವೇಶ್ವರನಗರದಲ್ಲಿ ನಮ್ಮ ಮನೆಯಿಂದ ಎರಡು ಅಡ್ಡರಸ್ತೆ ಆಚೆ ಒಂದು ಕಟ್ಟಡದ ನೆಲಮಹಡಿಯಲ್ಲಿ ಆರು ಕಂಪ್ಯೂಟರಿನ ಸೈಬರ್ ಸೆಂಟರ್ ನಡೆಸುತ್ತಿದ್ದರು. ಪಿಂಚಣಿಯ ಒಂದು ಅರ್ಜಿ ಟೈಪು ಮಾಡಿಸಲು ಹೋದಾಗ ನನ್ನ ನೋಟ್‌ಬುಕ್ ನೋಡಿದರು. "ಅಲ್ರೀ ಸರ್, ಇಷ್ಟ್ ಚಂದ ಬೈದೀರಿ. ಇದನ್ಯಾಕ ಪುಸ್ತಕದಾಗ ಮುಚ್ಚಿಟ್ಟೀರಿ? ಬ್ಲಾಗ್ ಮಾಡ್ರಿ. ಮಂದಿ ಓದ್ತಾರ" ಎಂದರು.

ಅದು ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು. ಆಗ ಕನ್ನಡದಲ್ಲಿ ಬ್ಲಾಗುಗಳು ನಾಯಿಕೊಡೆಯಂತೆ ಏಳುತ್ತಿದ್ದ ಕಾಲ. ಕವಿತೆಯ ಬ್ಲಾಗು, ಅಡುಗೆಯ ಬ್ಲಾಗು, ನೆನಪಿನ ಬ್ಲಾಗು. ಅನುಮಾನದ ಬ್ಲಾಗು ಮಾತ್ರ ಇರಲಿಲ್ಲ ಎಂದು ನನ್ನ ನಂಬಿಕೆ. ಅದಕ್ಕೆ 'ಮುದ್ರೆಯಿಲ್ಲದ ತೂಕ' ಎಂದು ಹೆಸರಿಟ್ಟೆ. ಪ್ರತಿ ಗುರುವಾರ ಹನ್ನೊಂದರಿಂದ ಹನ್ನೆರಡರವರೆಗೆ ಕಿಟಕಿಯ ಪಕ್ಕದ ಮೂರನೆಯ ಕಂಪ್ಯೂಟರಿನಲ್ಲಿ ಕುಳಿತು ಎರಡು ಬೆರಳಿನಲ್ಲಿ ಟೈಪು ಮಾಡುತ್ತಿದ್ದೆ. ಆ ಕಂಪ್ಯೂಟರೇ ಏಕೆಂದರೆ ಉಳಿದವುಗಳಲ್ಲಿ ಕನ್ನಡ ಅಕ್ಷರಗಳು ಚೌಕ ಚೌಕವಾಗಿ ಕಾಣುತ್ತಿದ್ದವು. ಆ ಚೌಕಗಳನ್ನು ಮೊದಲ ಸಲ ನೋಡಿದಾಗ ಯಾರೋ ನನ್ನ ಬರಹಕ್ಕೆ ಮೊಹರು ಒತ್ತಿದ್ದಾರೆಂದು ಭಾವಿಸಿ ಸ್ವಲ್ಪ ಹೆಮ್ಮೆಪಟ್ಟದ್ದೂ ಉಂಟು.

ಓದುಗರು ಬಂದರು. ಬರಹದ ಕೆಳಗೆ "ಸೂಪರ್ ಸಾರ್", "ಚೆನ್ನಾಗಿ ಝಾಡಿಸಿದ್ದೀರಿ" ಎಂದೆಲ್ಲ ಬರೆದರು. ಬರೆದವರಲ್ಲಿ ಅರ್ಧದಷ್ಟು ಮಂದಿಯ ಹೆಸರು ಅನಾಮಿಕ. ಅನಾಮಿಕರನ್ನು ಮೊದಲು ಅನುಮಾನದಿಂದಲೇ ನೋಡಿದೆ. ಆದರೆ ಹೊಗಳಿಕೆಗೆ ಒಂದು ಗುಣವಿದೆ. ಅದರ ಪೊಟ್ಟಣದ ಮೇಲೆ ವಿಳಾಸ ಇದೆಯೇ ಇಲ್ಲವೇ ಎಂದು ಯಾರೂ ತಿರುಗಿಸಿ ನೋಡುವುದಿಲ್ಲ. ನಾನೂ ನೋಡಲಿಲ್ಲ.

ಬ್ಲಾಗಿನ ಪ್ರತಿ ಬರಹವನ್ನೂ ಮುದ್ರಿಸಿ, ಕೆಳಗೆ ಸಹಿ ಮತ್ತು ತಾರೀಕು ಹಾಕಿ, ಪಾರ್ಕಿನಲ್ಲಿ ನಂಜೇಗೌಡರಿಗೆ ಕೊಡುತ್ತಿದ್ದೆ. ಗೌಡರ ವಿಷಯ ಸ್ವಲ್ಪ ಹೇಳಬೇಕು. ಅವರದು ಹೊಸಹಳ್ಳಿಯ ಹಳೆಯ ಒಕ್ಕಲು ಮನೆತನ. ರಾಗಿ ಬೆಳೆಯುತ್ತಿದ್ದ ಹೊಲಗಳೆಲ್ಲ ಬಡಾವಣೆಗಳಾದ ಮೇಲೆ ಕಾಮಾಕ್ಷಿಪಾಳ್ಯದಲ್ಲಿ ಹಿಂಡಿ-ಬೂಸಾ ಅಂಗಡಿ ಇಟ್ಟಿದ್ದರು. ಈಗ ನಮ್ಮ ಪಾರ್ಕಿನ ಎದುರಿನಲ್ಲೇ ಮನೆ. ನಮ್ಮಿಬ್ಬರ ಪರಿಚಯ ಆದದ್ದು ಇಪ್ಪತ್ತು ವರ್ಷದ ಕೆಳಗೆ, ನಾನು ಅವರ ಅಂಗಡಿಗೆ ತಪಾಸಣೆಗೆ ಹೋದಾಗ. ಅವರ ಐದು ಕಿಲೋ ಕಬ್ಬಿಣದ ಕಲ್ಲು ಸವೆದು ಕಡಿಮೆಯಾಗಿತ್ತು. ಕಲ್ಲಿನ ತಳದಲ್ಲಿ ಸೀಸ ತುಂಬಿದ ಗುಳಿಯೊಂದಿರುತ್ತದೆ, ಮುದ್ರೆ ಬೀಳುವುದು ಅದರ ಮೇಲೆ. ಆ ಮುದ್ರೆಯ ಮೇಲೆ ನಾನು ಗಿರಾಕಿಗಳ ಎದುರಿಗೇ ಕಾಟು ಹೊಡೆದೆ. ಗೌಡರು ಹೊಸ ಕಲ್ಲು ತಂದರು. ಪಾರ್ಕಿನಲ್ಲಿ ಸಿಕ್ಕ ಮೊದಲ ದಿನವೇ ಎಲ್ಲರಿಗೂ ನನ್ನನ್ನು ಪರಿಚಯ ಮಾಡಿಕೊಟ್ಟದ್ದು ಹೀಗೆ: "ಇವ್ರೇ ಕಣ್ರಪ್ಪಾ, ನನ್ ಕಲ್ಲಿಗೆ ಕಾಟು ಹೊಡ್ದೋರು. ನಂಬಬೌದು."

ಅವರು ಓದು ಬಲ್ಲವರಲ್ಲ. ಸೊಸೆ ಸವಿತಾ ನನ್ನ ಬರಹವನ್ನು ಓದಿ ಹೇಳುತ್ತಿದ್ದಳು. ಮರುದಿನ ಗೌಡರು ಪಾರ್ಕಿನ ಗೇಟಿನ ಬಳಿ ಐದೂಕಾಲಿಗೆ ಸರಿಯಾಗಿ ನಿಂತು, "ಇನ್ಸ್‌ಪೆಕ್ಟ್ರೇ, ಈ ಸಲ ವಿಜ್ಞಾನಿಗಳಿಗೆ ಸರಿಯಾಗ್ ಇಕ್ಕಿದ್ರಿ ಬಿಡಿ" ಎನ್ನುತ್ತಿದ್ದರು.

ಇನ್ನು ಆ ಯಂತ್ರದ ವಿಷಯ. ಗೌಡರಿಗೆ ರಕ್ತದೊತ್ತಡ. ದಿನಕ್ಕೊಂದು ಮಾತ್ರೆ. ಸವಿತಾ ಅವರಿಗಾಗಿ ಮನೆಯಲ್ಲೇ ಒತ್ತಡ ನೋಡುವ ಒಂದು ಯಂತ್ರ ತಂದಳು. ತೋಳಿಗೆ ಪಟ್ಟಿ ಸುತ್ತಿ ಗುಂಡಿ ಒತ್ತಿದರೆ ಅದು ಬುಸ್ಸೆಂದು ಊದಿಕೊಂಡು ಅಂಕಿ ತೋರಿಸುತ್ತದೆ. ಅಂಕಿ ಹೆಚ್ಚು ಬಂತೆಂದು ಅವಳು ಮಾವನ ಉಪ್ಪಿನಕಾಯಿ ನಿಲ್ಲಿಸಿದಳು. ಗೌಡರು ನನ್ನ ಬಳಿ ದೂರು ತಂದರು: "ನಿಮ್ ಇಲಾಖೆ ಮುದ್ರೆ ಇಲ್ಲ ಕಣ್ರೀ ಅದ್ರ ಮ್ಯಾಲೆ. ನಾನು ತಿರುಗ್ಸಿ ಮುರುಗ್ಸಿ ನೋಡ್ದೆ. ಅದು ಯೋಳ್ತದೆ ಅಂತ ನಾನು ಉಪ್ಪಿನ್ಕಾಯಿ ಬಿಡಬೇಕಾ?"

ಮುದ್ರೆಯಿಲ್ಲದ ಯಂತ್ರ. ನನ್ನ ಮೈ ಜುಮ್ಮೆಂದಿತು. ಒಂದು ದಿನದ ಮಟ್ಟಿಗೆ ಅದನ್ನು ಕೇಳಿ ತಂದೆ. ಯಾವ ತಕ್ಕಡಿಗೂ ನಾವು ಮಾಡುವ ಮೊದಲ ಪರೀಕ್ಷೆಯೆಂದರೆ, ಒಂದೇ ಕಲ್ಲನ್ನು ಮೂರು ಸಲ ಇಡುವುದು. ಮೂರು ಸಲವೂ ಒಂದೇ ತೂಕ ಬರಬೇಕು. ಬರದಿದ್ದರೆ ತಕ್ಕಡಿ ಕೆಟ್ಟಿದೆ. ಇದರಲ್ಲಿ ವಾದಕ್ಕೆ ಜಾಗವಿಲ್ಲ. ನಾನು ನನ್ನ ತೋಳನ್ನೇ ಇಟ್ಟೆ. ಮೊದಲ ಸಲ ನೂರಾ ಮೂವತ್ತೆಂಟು. ಎರಡನೆಯ ಸಲ ನೂರಾ ಐವತ್ತೊಂದು. ಮೂರನೆಯ ಸಲ ನೂರಾ ಅರವತ್ತನಾಲ್ಕು. ಕೈಗೆ ಸಿಕ್ಕಿಬಿದ್ದ ಕಳ್ಳನನ್ನು ನೋಡಿದಷ್ಟು ಆನಂದವಾಯಿತು ನನಗೆ.

ಆ ಗುರುವಾರ ಬರೆದ ಬರಹಕ್ಕೆ 'ಮೂರು ಸಲ ಮೂರು ಉತ್ತರ' ಎಂದು ಹೆಸರಿಟ್ಟೆ. ನನ್ನ ಅತ್ಯುತ್ತಮ ಬರಹ ಅದು ಎಂದುಕೊಂಡಿದ್ದೆ. ಕೊನೆಗೆ ಒಂದು ಸಾಲು ಬೇಕಾಗಿತ್ತು. ಬರಹ ಮುಗಿಯುವಾಗ ತಾಳ ಕುಟ್ಟಿದ ಹಾಗೆ ಇರಬೇಕಲ್ಲ, ಅದಕ್ಕೆ. ಬಹಳ ಹೊತ್ತು ಯೋಚಿಸಿ ಹೀಗೆ ಬರೆದೆ: ಒಂದೇ ತೋಳಿಗೆ ಮೂರು ನಾಲಗೆಯಲ್ಲಿ ಮಾತಾಡುವ ಯಂತ್ರವನ್ನು ನಂಬಿ ಮಾತ್ರೆ ನುಂಗುವುದಕ್ಕಿಂತ ಕಡಲೆಬೀಜ ತಿನ್ನುವುದು ಮೇಲು. ಶಿವಲೀಲಾ ಓದಿ ನಕ್ಕರು. ಅನಾಮಿಕರು ಕುಣಿದಾಡಿದರು. ಮುದ್ರಿಸಿ, ಸಹಿ ಹಾಕಿ, ಗೌಡರ ಕೈಗೆ ಕೊಟ್ಟೆ.

ಅದಾಗಿ ಎರಡೂವರೆ ವಾರ ಕಳೆದಿರಬೇಕು. ಒಂದು ಬೆಳಿಗ್ಗೆ ಐದೂಕಾಲಿಗೆ ಗೌಡರು ಗೇಟಿನ ಬಳಿ ಇದ್ದರು, ಆದರೆ ನಿಂತ ರೀತಿ ಸರಿಯಿರಲಿಲ್ಲ. ಎರಡು ಕೈಯಲ್ಲೂ ಗೇಟಿನ ಸರಳು ಹಿಡಿದಿದ್ದರು. "ಯಾಕ್ ಗೌಡ್ರೇ?" ಎಂದೆ. "ಏನಿಲ್ಲ. ಪಾರ್ಕು ಸ್ವಲ್ಪ ತಿರುಗ್ತಾ ಅದೆ" ಎಂದರು. ಎರಡು ಹೆಜ್ಜೆ ಇಟ್ಟು ವಾಲಿದರು. ನಾನು ಹಿಡಿದುಕೊಂಡೆ. ಎದುರು ಮನೆಯಿಂದ ಸವಿತಾ ಓಡಿ ಬಂದಳು. ಇಬ್ಬರೂ ಸೇರಿ ಅವರನ್ನು ಒಳಗೆ ಕರೆದೊಯ್ದು ದಿವಾನದ ಮೇಲೆ ಮಲಗಿಸಿದೆವು. ಮಾತು ಸರಿಯಿತ್ತು, ಕೈಕಾಲು ಆಡುತ್ತಿದ್ದವು. ತಲೆ ಮಾತ್ರ ಗಿರ್ರೆನ್ನುತ್ತಿತ್ತು.

"ಮಾತ್ರೆ ತಗೊಂಡ್ರಾ?" ಎಂದು ಕೇಳಿದೆ.

ಸವಿತಾ ನನ್ನನ್ನು ನೋಡಿದ ನೋಟವನ್ನು ನಾನು ಈಗಲೂ ಮರೆತಿಲ್ಲ. "ಎಲ್ಲಿ ತಗೋತಾರೆ ಅಂಕಲ್? ಹದಿನೆಂಟು ದಿನ ಆಯ್ತು ನಿಲ್ಸಿ. ನಾನ್ ಹೇಳಿದ್ರೆ ಅದನ್ನ ತೋರಿಸ್ತಾರೆ" ಎಂದು ಫ್ರಿಜ್ಜಿನ ಕಡೆ ಕೈ ಮಾಡಿದಳು. ಫ್ರಿಜ್ಜಿನ ಬಾಗಿಲಿಗೆ ಹೂವಿನ ಆಕಾರದ ಎರಡು ಅಯಸ್ಕಾಂತಗಳ ಅಡಿಯಲ್ಲಿ ನನ್ನ ಬರಹ ನೇತಾಡುತ್ತಿತ್ತು. ಕೆಳಗೆ ನನ್ನ ಸಹಿ, ತಾರೀಕು.

"ನಾನು ಮಾತ್ರೆ ಬಿಡಿ ಅಂತ ಬರ್ದಿಲ್ಲ ಗೌಡ್ರೇ. ಯಂತ್ರ ಸರಿಯಿಲ್ಲ ಅಂತ ಬರ್ದಿದ್ದು" ಎಂದೆ. ಎಂದ ತಕ್ಷಣ ಆ ದನಿ ಎಲ್ಲೋ ಕೇಳಿದ್ದು ಎನ್ನಿಸಿತು. ಸವೆದ ಕಲ್ಲಿನೊಂದಿಗೆ ಸಿಕ್ಕಿಬಿದ್ದ ಅಂಗಡಿಯವರೆಲ್ಲ ನನ್ನ ಎದುರು ಇದೇ ದನಿಯಲ್ಲೇ ಮಾತಾಡುತ್ತಿದ್ದರು.

"ಕಡಲೆಬೀಜ ತಿನ್ನದು ಮೇಲು ಅಂತ ಬರ್ದೀರಾ ಇಲ್ವಾ?" ಎಂದರು ಗೌಡರು ಮಲಗಿದಲ್ಲಿಂದಲೇ.

"ಅದು ತಮಾಷೆಗೆ."

"ಸಹಿ ಆಕಿದ್ದು?"

"ಈಗ ಡಾಕ್ಟರ ಹತ್ರ ಹೋಗೋಣ ಏಳಿ" ಎಂದೆ. ಅವರು ಗೋಡೆಯ ಕಡೆ ತಿರುಗಿದರು. "ಡಾಕ್ಟ್ರೂ ಅಂತಾದೇ ಒಂದು ಮಿಷನ್ ಇಕ್ಕೊಂಡವ್ರೆ. ಯಾರ್ ಮಾತೂ ಹಂಗೇ ನಂಬಬ್ಯಾಡಿ ಅಂತ ವರ್ಷದಿಂದ ಯೋಳ್ಕೊಟ್ಟೋರು ನೀವು. ಈಗ ನೀವೇ ಬಂದು ನಂಬು ಅಂದ್ರೆ ನಾನು ಯಾವ ನಿಮ್ಮುನ್ನ ನಂಬ್ಲಿ? ಮೊದ್ಲು ಆ ಮಿಷನ್ ಸರಿ ಅದೆ ಅಂತ ತೋರ್ಸಿ. ಆಮ್ಯಾಕೆ ನೋಡಾಣ."

ಯಂತ್ರವನ್ನು ಸವಿತಾ ಅಟ್ಟದ ಮೇಲಿನ ಡಬ್ಬದಿಂದ ತೆಗೆದುಕೊಟ್ಟಳು. ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಒಂಬತ್ತೂವರೆಗೆ, ಗೌಡರಿಗೆ ಮಾತ್ರೆ ಬರೆದುಕೊಟ್ಟ ಡಾಕ್ಟರಮ್ಮನ ಕ್ಲಿನಿಕ್ಕು ತೆರೆಯುವ ಮೊದಲೇ ಹೋಗಿ ನಿಂತೆ. ಕ್ಲಿನಿಕ್ಕು ಇದ್ದದ್ದು ಶಿವಲೀಲಾ ಅವರ ಸೈಬರ್ ಸೆಂಟರಿನ ಮೇಲಿನ ಮಹಡಿಯಲ್ಲೇ. ಆ ದಿನ ನನ್ನ ಕಾಫಿಯೂ ತಪ್ಪಿತು, ಪತ್ರಿಕೆಯೂ ತಪ್ಪಿತು. ನಿವೃತ್ತನಾದ ಮೇಲೆ ಮೊದಲ ಸಲ.

ಯಂತ್ರ ಪರೀಕ್ಷಿಸುವುದು ಹೇಗೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅನುಮಾನದ ತೂಕವನ್ನು ಮೇಲಿನ ದರ್ಜೆಯ ತೂಕದ ಜೊತೆ ಹೋಲಿಸಬೇಕು. ಅಂಗಡಿಯ ಕಲ್ಲು ಇನ್ಸ್‌ಪೆಕ್ಟರನ ಕಲ್ಲಿಗೆ ಸರಿಯಿರಬೇಕು, ಇನ್ಸ್‌ಪೆಕ್ಟರನ ಕಲ್ಲು ಪ್ರಯೋಗಾಲಯದ ಕಲ್ಲಿಗೆ, ಅದು ದೇಶದ ಕಲ್ಲಿಗೆ, ಅದು ಪ್ಯಾರಿಸ್ಸಿನ ಬಳಿ ಗಾಜಿನ ಗಂಟೆಯೊಳಗೆ ಕಾಪಾಡಿಟ್ಟಿರುವ ಮೂಲ ಕಿಲೋಗ್ರಾಮಿಗೆ. ಕಾಮಾಕ್ಷಿಪಾಳ್ಯದ ಬೂಸಾ ಅಂಗಡಿಗೂ ಪ್ಯಾರಿಸ್ಸಿಗೂ ಹೀಗೆ ಒಂದು ನೆಂಟಸ್ತಿಕೆ ಇದೆ ಎಂದು ಸರ್ವೀಸಿನಲ್ಲಿದ್ದಾಗ ನನಗೆ ಬಹಳ ಹೆಮ್ಮೆ. ಆ ಮೂಲ ಕಿಲೋಗ್ರಾಮೇ ತನ್ನ ಪ್ರತಿಗಳೊಂದಿಗೆ ಹೋಲಿಸಿದಾಗ ಕೂದಲೆಳೆಯಷ್ಟು ವ್ಯತ್ಯಾಸ ತೋರಿಸುತ್ತಿದೆಯಂತೆ ಎಂದು ಒಮ್ಮೆ ಓದಿದಾಗ ಎರಡು ದಿನ ಊಟ ಸೇರಿರಲಿಲ್ಲ. ಡಾಕ್ಟರಮ್ಮನ ಮೇಜಿನ ಮೇಲೆ ಪಾದರಸದ ಹಳೆಯ ಯಂತ್ರವಿತ್ತು. ಅದರೊಂದಿಗೆ ಇದನ್ನು ಹೋಲಿಸಿಕೊಡಿ ಎಂದು ತೋಳು ಚಾಚಿ, ವಿಷಯವನ್ನೆಲ್ಲ ಹೇಳಿದೆ. ಅಭ್ಯಾಸಬಲದಿಂದ, "ನಿಮ್ಮ ಪಾದರಸದ ಯಂತ್ರವನ್ನು ಕೊನೆಗೆ ಪರೀಕ್ಷೆ ಮಾಡಿಸಿದ್ದು ಯಾವಾಗ?" ಎಂದೂ ಕೇಳಿದೆ.

ಅವರು ಉತ್ತರಿಸುವ ಮೊದಲು ನನ್ನನ್ನು ಕುರ್ಚಿಯಲ್ಲಿ ಒರಗಿ ಕೂರಿಸಿ, ಕಾಲ ಮೇಲಿನ ಕಾಲು ಇಳಿಸಿ, ಐದು ನಿಮಿಷ ಮಾತಾಡದೆ ಇರಬೇಕೆಂದರು. ಅದು ಬಹಳ ಕಷ್ಟದ ಐದು ನಿಮಿಷ. ಆಮೇಲೆ ಎರಡರಲ್ಲೂ ನೋಡಿದರು. ಎರಡೂ ಹತ್ತಿರ ಹತ್ತಿರ ಒಂದೇ ಹೇಳಿದವು.

"ಹೋದ ತಿಂಗಳು ಮಾಡ್ಸಿದೀನಿ ಸಾರ್, ಸರ್ಟಿಫಿಕೇಟ್ ಅಲ್ಲಿ ಗೋಡೇಲಿದೆ" ಎಂದರು ಆಗ. "ನಿಮ್ಮ ಮನೇಲಿ ಮೂರು ಸಲ ನೋಡಿದ್ರಲ್ಲ, ಮೊದಲ್ನೇ ಸಲ ಏನ್ ಮಾಡ್ತಾ ಇದ್ರಿ?"

"ಸುಮ್ನೆ ಕೂತಿದ್ದೆ."

"ಎರಡನೇ ಸಲ?"

"ವಾಕಿಂಗ್‌ನಿಂದ ಬಂದು ಕಾಫಿ ಕುಡಿದಿದ್ದೆ."

"ಮೂರನೇ ಸಲ?"

"ಪತ್ರಿಕೆ ಓದ್ತಾ ಇದ್ದೆ. ವಿಜ್ಞಾನದ ಸುದ್ದಿ."

"ಓದ್ತಾ ಬೈತಾ ಇದ್ರಾ?"

"ಸ್ವಲ್ಪ."

"ಹಾಗಾದ್ರೆ ಮಿಷನ್ ಸರಿಯಾಗೇ ಹೇಳಿದೆ" ಎಂದು ಡಾಕ್ಟರಮ್ಮ ನಕ್ಕರು. "ಕಲ್ಲು ಇಟ್ಟಲ್ಲಿ ಇರುತ್ತೆ ಸಾರ್. ಮನುಷ್ಯ ಎಲ್ಲಿರ್ತಾನೆ? ನಡೆದ್ರೆ ಏರುತ್ತೆ, ಕಾಫಿ ಕುಡಿದ್ರೆ ಏರುತ್ತೆ, ಸಿಟ್ಟು ಬಂದ್ರೆ ಏರುತ್ತೆ. ಅದಕ್ಕೇ ಸುಮ್ನೆ ಕೂತು, ದಿನಾ ಅದೇ ಹೊತ್ತಿಗೆ ನೋಡ್ಕೊಳ್ಳಿ ಅನ್ನೋದು." ಆಮೇಲೆ ನಗು ನಿಲ್ಲಿಸಿ, "ಗೌಡ್ರನ್ನ ಈಗ್ಲೇ ಕರ್ಕೊಂಡ್ ಬನ್ನಿ. ಹದಿನೆಂಟು ದಿನ ಮಾತ್ರೆ ಬಿಟ್ಟು ತಲೆ ತಿರುಗ್ತಿದೆ ಅಂದ್ರೆ ತಮಾಷೆ ಅಲ್ಲ. ಅವರು ಬರಲ್ಲ ಅಂದ್ರೆ ನಾನೇ ಬರ್ತೀನಿ" ಎಂದರು.

ಮೂವತ್ತಮೂರು ವರ್ಷ ಕಲ್ಲಿನ ಜೊತೆ ಕಳೆದವನಿಗೆ ಮನುಷ್ಯನೂ ಕಲ್ಲಿನ ಹಾಗೇ ಕಂಡಿದ್ದ. ಮೆಟ್ಟಿಲು ಇಳಿದೆ. ಅಲ್ಲೇ ಕೆಳಗೆ ಸೈಬರ್ ಸೆಂಟರ್. ಗೌಡರ ಎದುರು ಬರಿಗೈಯಲ್ಲಿ ನಿಲ್ಲುವ ಧೈರ್ಯವಾಗಲಿಲ್ಲ. ಬರಹವನ್ನು ತೆಗೆದುಹಾಕಿ ತಪ್ಪೊಪ್ಪಿಗೆಯ ಎರಡು ಸಾಲು ಮುದ್ರಿಸಿಕೊಂಡು ಹೋಗೋಣ, ಹತ್ತು ನಿಮಿಷದ ಕೆಲಸ ಎಂದು ಒಳಗೆ ಹೋದೆ. ಗುರುವಾರವಲ್ಲದ ದಿನ ನನ್ನನ್ನು ಕಂಡು ಶಿವಲೀಲಾ ಗೋಡೆಯ ಕ್ಯಾಲೆಂಡರ್ ನೋಡಿದರು.

ಕಂಪ್ಯೂಟರ್ ತೆರೆದಾಗ ನನಗೊಂದು ಇಮೇಲು ಬಂದಿತ್ತು. ಕೆಂಗೇರಿ ಉಪನಗರದಲ್ಲಿರುವ ನನ್ನ ಭಾವಮೈದುನ ಕಳಿಸಿದ್ದು. ಅವನಿಗೆ ಯಾರೋ, ಅವರಿಗೆ ಇನ್ಯಾರೋ. ದಪ್ಪ ಕೆಂಪು ಅಕ್ಷರದಲ್ಲಿ ಮೇಲಿತ್ತು: ಎಚ್ಚರ! ಮನೆಯಲ್ಲಿನ ರಕ್ತದೊತ್ತಡ ಯಂತ್ರಗಳೆಲ್ಲ ಸುಳ್ಳು, ಎನ್ನುತ್ತಾರೆ ವಿಜ್ಞಾನಿಗಳು. ಎಲ್ಲರಿಗೂ ಕಳುಹಿಸಿ.

ಕೋಪ ನೆತ್ತಿಗೇರಿತು. ನೋಡಿ, ಅದೇ ಆಟ. ಯಾವ ವಿಜ್ಞಾನಿಗಳು? ಎಲ್ಲಿಯವರು? ಎಷ್ಟು ಜನರ ಮೇಲೆ ನೋಡಿದರು? ಭಾವಮೈದುನನಿಗೆ ಇದೇ ಪ್ರಶ್ನೆಗಳನ್ನು ಎರಡು ಬೆರಳಿನಲ್ಲಿ ಟೈಪು ಮಾಡಲು ಶುರು ಮಾಡಿದೆ. ಮೂರನೆಯ ಪ್ರಶ್ನೆಗೆ ಬರುವಷ್ಟರಲ್ಲಿ ಕಣ್ಣು ಕೆಳಗೆ ಹೋಯಿತು. ಕೊನೆಯ ಸಾಲಿನಲ್ಲಿ ಕಡಲೆಬೀಜ ಇತ್ತು.

"ಇದು ನಿಮ್ದ ಅಲ್ಲೇನ್ರೀ ಸರ್?" ಹಿಂದೆ ನಿಂತಿದ್ದ ಶಿವಲೀಲಾ ಕೇಳಿದರು. "ನನಗೂ ಮೂರ್ ಮಂದಿ ಕಳಿಸ್ಯಾರ ನೋಡ್ರಿ. ನಿಮ್ ಹೆಸರ ಹಾರಿಸ್ಯಾರ, ಆದ್ರ ನಿಮ್ಮನ್ನ ವಿಜ್ಞಾನಿ ಮಾಡ್ಯಾರ. ಖುಷಿ ಪಡ್ರಿ."

ಹೀಗೆ ನಾನು ಬಹಳ ದಿನದಿಂದ ಹುಡುಕುತ್ತಿದ್ದ ವಿಜ್ಞಾನಿಗಳ ಪೈಕಿ ಒಬ್ಬನ ವಿಳಾಸ ಕೊನೆಗೂ ಸಿಕ್ಕಿತು. ಅವನು ಬಸವೇಶ್ವರನಗರದಲ್ಲಿದ್ದ, ಕಿಟಕಿಯ ಪಕ್ಕದ ಮೂರನೆಯ ಕಂಪ್ಯೂಟರಿನ ಮುಂದೆ. ಅವನು ಪರೀಕ್ಷಿಸಿದ್ದು ಒಬ್ಬನನ್ನು, ಅದೂ ತನ್ನನ್ನೇ, ಅದೂ ಒಂದೇ ಬೆಳಿಗ್ಗೆ. ಬ್ಲಾಗಿನ ಬರಹವನ್ನು ತೆಗೆದುಹಾಕಬಹುದಿತ್ತು. ಆದರೆ ಕೆಂಗೇರಿಗೂ ನಂದಿನಿ ಲೇಔಟಿಗೂ ಇನ್ನೆಲ್ಲೆಲ್ಲಿಗೋ ಹೊರಟುಹೋದ ಪೊಟ್ಟಣವನ್ನು ಜಪ್ತಿ ಮಾಡುವುದು ಯಾರು? ಭಾವಮೈದುನನಿಗೆ ಬರೆಯುತ್ತಿದ್ದ ಪ್ರಶ್ನೆಗಳನ್ನು ಅಳಿಸಿ, ಇದನ್ನು ಬರೆದವನು ನಾನೇ, ಇದು ತಪ್ಪು, ನಿನಗೆ ಕಳಿಸಿದವರಿಗೂ ನೀನು ಕಳಿಸಿದವರಿಗೂ ಹೇಳು ಎಂದು ಬರೆದೆ. ಬ್ಲಾಗಿನಲ್ಲಿ ಬರಹವನ್ನು ತೆಗೆಯಲಿಲ್ಲ. ಅದರ ಪ್ರತಿ ಸಾಲಿನ ಮೇಲೂ ಗೆರೆ ಎಳೆಯುವ ಉಪಾಯವನ್ನು ಶಿವಲೀಲಾ ತೋರಿಸಿಕೊಟ್ಟರು. ಮೇಲೆ 'ರದ್ದು' ಎಂದು ಬರೆದು, ಏಕೆ ಎಂದು ಕೆಳಗೆ ಬರೆದೆ. ತಪ್ಪೊಪ್ಪಿಗೆಯನ್ನು ಒಂದು ಹಾಳೆಯಲ್ಲಿ ಮುದ್ರಿಸಿ ಸಹಿ ಹಾಕಿದೆ. ಹತ್ತು ನಿಮಿಷ ಇಪ್ಪತ್ತಾಯಿತು.

ಗೌಡರ ಮನೆಗೆ ಬಂದಾಗ ಅವರು ದಿಂಬಿಗೆ ಒರಗಿ ಕೂತಿದ್ದರು. ಯಂತ್ರ ಸರಿಯಿದೆ ಎಂದೆ. ಕಾಫಿಯ ಕಥೆ, ಪತ್ರಿಕೆಯ ಕಥೆ, ಐದು ನಿಮಿಷ ಬಾಯಿಮುಚ್ಚಿ ಕೂತ ಕಥೆ ಎಲ್ಲವನ್ನೂ ಹೇಳಿದೆ. ಸವಿತಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಗೌಡರು ನಗಲಿಲ್ಲ. ತಪ್ಪೊಪ್ಪಿಗೆಯ ಹಾಳೆಯನ್ನು ಕೊಟ್ಟರೆ ತೆಗೆದುಕೊಳ್ಳಲೂ ಇಲ್ಲ.

"ಅದು ಒಂದು ಕಾಗದ, ಇದು ಒಂದು ಕಾಗದ. ಎರಡ್ರಲ್ಲೂ ನಿಮ್ದೇ ಸಹಿ. ಯಾವುದು ನಂಬಾದು?" ಎಂದರು. ಆಮೇಲೆ ಬೆರಳೆತ್ತಿ ಫ್ರಿಜ್ಜಿನ ಕಡೆ ತೋರಿಸಿದರು. "ನನ್ ಕಲ್ಲು ತಪ್ಪು ಅಂದಾಗ ನೀವು ನಂಗೆ ಕಾಗ್ದ ಕೊಟ್ರಾ?"

ಅರ್ಥವಾಯಿತು. ಫ್ರಿಜ್ಜಿನ ಮೇಲಿನ ಹಾಳೆಯನ್ನು ತೆಗೆದು ಅವರ ಎದುರಿನ ಸ್ಟೂಲಿನ ಮೇಲೆ ಇಟ್ಟೆ. ಕೆಂಪು ಪೆನ್ಸಿಲ್ ಜೇಬಿನಲ್ಲೇ ಇತ್ತು. ಇಪ್ಪತ್ತು ವರ್ಷದ ಕೆಳಗೆ ಅವರ ಗಿರಾಕಿಗಳ ಎದುರು ಹೊಡೆದ ಹಾಗೆಯೇ, ಅವರ ಸೊಸೆಯ ಎದುರು, ನನ್ನ ಸಹಿಯ ಮೇಲೆ ಈ ಮೂಲೆಯಿಂದ ಆ ಮೂಲೆಗೆ, ಆ ಮೂಲೆಯಿಂದ ಈ ಮೂಲೆಗೆ ಕಾಟು ಹೊಡೆದೆ. ಒತ್ತಿದ ರಭಸಕ್ಕೆ ಪೆನ್ಸಿಲ್ಲಿನ ಮೊನೆ ಮುರಿಯಿತು.

ಗೌಡರು ಹಾಳೆಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಓದು ಬಾರದ ಅವರಿಗೆ ಅದರಲ್ಲಿ ಓದಲು ಬಂದದ್ದು ಅದೊಂದೇ ಗುರುತು. "ಇಪ್ಪತ್ತು ವರ್ಷ ಆಯ್ತು ಕಣ್ರೀ ಕಾದು" ಎಂದು ಈಗ ನಕ್ಕರು, ದಿವಾನ ಅಲುಗುವ ಹಾಗೆ. "ಸವಿತಾ, ಚಪ್ಲಿ ಎಲ್ಲವ್ವಾ? ಡಾಕ್ಟ್ರುತಾವ ಓಗಿ ಬರಾಣ."

ಒತ್ತಡ ಬಹಳ ಏರಿತ್ತು. ಡಾಕ್ಟರಮ್ಮ ಅವರನ್ನು ಆಸ್ಪತ್ರೆಗೆ ಕಳಿಸಿ ಎರಡು ದಿನ ಇರಿಸಿದರು. ಇನ್ನೊಂದು ವಾರ ಹೀಗೇ ಬಿಟ್ಟಿದ್ದರೆ ಎಂದು ಅವರು ಶುರು ಮಾಡಿದ ವಾಕ್ಯವನ್ನು ಪೂರ್ತಿ ಮಾಡಲಿಲ್ಲ. ಮೂರು ವಾರಕ್ಕೆ ಒತ್ತಡ ಹತೋಟಿಗೆ ಬಂತು. ಉಪ್ಪಿನಕಾಯಿ ಮಾತ್ರ ಶಾಶ್ವತವಾಗಿ ರದ್ದಾಯಿತು. ಅದಕ್ಕಾಗಿ ಗೌಡರು ನನ್ನನ್ನು ಕ್ಷಮಿಸಿಲ್ಲ.

ಬ್ಲಾಗು ಇನ್ನೂ ಇದೆ. ಗುರುವಾರವೂ ಇದೆ. ನನ್ನ ಅನುಮಾನ ಒಂದು ತೊಲವೂ ಕಡಿಮೆಯಾಗಿಲ್ಲ. ವಿಜ್ಞಾನಿಗಳ ವಿಳಾಸವನ್ನು ಈಗಲೂ ಕೇಳುತ್ತೇನೆ. ಆದರೆ ಸರ್ವೀಸಿನಲ್ಲಿದ್ದಾಗ ಒಂದು ಕೆಲಸ ತಪ್ಪದೆ ಮಾಡುತ್ತಿದ್ದೆ. ಊರಿನ ಕಲ್ಲುಗಳನ್ನೆಲ್ಲ ಪರೀಕ್ಷಿಸುವ ನನ್ನ ಕಲ್ಲುಗಳನ್ನು ಮಖಮಲ್ಲಿನ ಪೆಟ್ಟಿಗೆಯಲ್ಲಿ ಇಟ್ಟುಕೊಂಡು, ಗೊತ್ತಾದ ಅವಧಿಗೊಮ್ಮೆ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಪ್ರಯೋಗಾಲಯಕ್ಕೆ ಒಯ್ಯುತ್ತಿದ್ದೆ. ಬ್ಲಾಗು ಬರೆಯಲು ಕೂತಾಗ ಆ ಪೆಟ್ಟಿಗೆ ಮರೆತೇಹೋಗಿತ್ತು. ಈಗ ಪ್ರತಿ ಬರಹದ ಕೆಳಗೂ, ಬಿಸ್ಕತ್ತಿನ ಪೊಟ್ಟಣದ ಮೇಲಿರುವಂತೆ, ಸಣ್ಣ ಅಕ್ಷರದಲ್ಲಿ ಒಂದು ಪಟ್ಟಿ ಇರುತ್ತದೆ. ತಯಾರಿಸಿದವರು: ನಿವೃತ್ತ ಇನ್ಸ್‌ಪೆಕ್ಟರ್, ವೈದ್ಯನಲ್ಲ, ವಿಜ್ಞಾನಿಯಲ್ಲ. ನಿವ್ವಳ ಪ್ರಮಾಣ: ಕೇಳಿ ನೋಡಿದ್ದು ಎಷ್ಟು ಜನರನ್ನೋ ಅಷ್ಟು, ಹೆಚ್ಚಿನ ವಾರ ಇಬ್ಬರು. ದೂರುಗಳಿಗೆ: ಬೆಳಿಗ್ಗೆ ಐದೂಕಾಲು, ಪಾರ್ಕಿನ ಗೇಟು. ಇದನ್ನು ಹಾಕಿದ ಮೇಲೆ ಅನಾಮಿಕರು ಕಡಿಮೆಯಾಗಿದ್ದಾರೆ.

ದೂರು ಹೇಳಲು ಇದುವರೆಗೆ ಬಂದವರು ಒಬ್ಬರೇ. ಐದೂಕಾಲಿಗೆ ಸರಿಯಾಗಿ ಗೌಡರು ಗೇಟಿನ ಬಳಿ ಇರುತ್ತಾರೆ. ಜೇಬಿನಿಂದ ಮಾತ್ರೆಯ ಸ್ಟ್ರಿಪ್ಪು ತೆಗೆದು ನನ್ನ ಮೂಗಿನ ಮುಂದೆ ಹಿಡಿಯುತ್ತಾರೆ. "ನಂಬಿಕೆ ಇಲ್ದಿದ್ರೆ ಎಣಿಸ್ಕಳಿ ಇನ್ಸ್‌ಪೆಕ್ಟ್ರೇ" ಎನ್ನುತ್ತಾರೆ.

ಕನ್ನಡಕ ಹಾಕಿಕೊಂಡು, ಬೀದಿದೀಪದ ಬೆಳಕಿಗೆ ಹಿಡಿದು, ಖಾಲಿ ಗುಳಿಗಳನ್ನು ಎಣಿಸುತ್ತೇನೆ.